ಬೆಟ್ಟದ ಹೆಮ್ಲಾಕ್ ಮತ್ತು ಬಿಳಿ ಹೀದರ್: ಒಂದೇ ಹಿಮದಡಿಯ ಎರಡು ಗಿಡಗಳನ್ನು ಹೋಲಿಸಿ ನೋಡುವ ಬಗೆ

ಒಂದು ಮೂವತ್ತು ಮೀಟರ್ ಎತ್ತರಕ್ಕೆ ಬೆಳೆಯುವ ಮರ, ಇನ್ನೊಂದು ನಮ್ಮ ಪಾದದ ಗಂಟನ್ನು ಮುಟ್ಟುವ ಪೊದೆ. ಇವೆರಡರಲ್ಲಿ ಹೋಲಿಸಲು ಏನಿದೆ ಎಂದು ನಾನೂ ಅಂದುಕೊಂಡಿದ್ದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದಲ್ಲಿ, ಕಾಲುದಾರಿಯ ಅಂಚಿನಲ್ಲಿ ಮೊದಲ ಸಲ ಮಂಡಿಯೂರಿ ಕುಳಿತ ದಿನ ಆ ಎಣಿಕೆ ತಪ್ಪೆಂದು ತಿಳಿಯಿತು. ಅಂಗೈಯಗಲದ ಜಾಗದಲ್ಲಿ ಮೂರು ಹಸಿರು ಕುಡಿಗಳಿದ್ದವು. ಮೂರೂ ಹೆಚ್ಚುಕಡಿಮೆ ಒಂದೇ ಎತ್ತರ, ಮೂರಕ್ಕೂ ಸಣ್ಣ ಸಣ್ಣ ಎಲೆ. ಟಿಪ್ಪಣಿ ಪುಸ್ತಕದಲ್ಲಿ ಮೂರನ್ನೂ ‘ಹೀದರ್’ ಎಂದು ಬರೆದುಕೊಂಡೆ. ಅವುಗಳಲ್ಲಿ ಎರಡು ಬೇರೆ ಬೇರೆ ಜಾತಿಯ ಹೀದರ್‌ಗಳು. ಮೂರನೆಯದು ಹೆಮ್ಲಾಕ್ ಮರದ ಸಸಿ. ಬದುಕುಳಿದರೆ ಇನ್ನೂ ಐದು ಶತಮಾನ ಅಲ್ಲೇ ನಿಲ್ಲಬಲ್ಲ ಮರವನ್ನು ನಾನು ಪೊದೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ.

ಅಂಥ ತಪ್ಪು ನಿಮ್ಮಿಂದ ಆಗದಿರಲಿ ಎಂಬುದು ಈ ಬರಹದ ಒಂದು ಉದ್ದೇಶ. ಇನ್ನೊಂದು ಉದ್ದೇಶ ಇದಕ್ಕಿಂತ ದೊಡ್ಡದು. ಈ ಎರಡು ಗಿಡಗಳನ್ನು ಎತ್ತರದಿಂದ ಅಳೆದರೆ ಏನೂ ಸಿಗುವುದಿಲ್ಲ, ಹಿಮದಿಂದ ಅಳೆಯಬೇಕು. ವರ್ಷದ ಎಂಟು ಒಂಬತ್ತು ತಿಂಗಳು ನೆಲ ಹಿಮದಡಿ ಇರುವ ಕಡೆ ಒಂದು ಗಿಡ ಹಿಮವನ್ನು ಸೀಳಿ ಮೇಲೇಳುತ್ತದೆ, ಇನ್ನೊಂದು ಹಿಮವನ್ನೇ ಹೊದಿಕೆ ಮಾಡಿಕೊಂಡು ಮಲಗುತ್ತದೆ. ಎಲೆ, ಹೂವು, ಕಾಂಡ, ಬೇರು ಯಾವುದನ್ನು ನೋಡಿದರೂ ಈ ವ್ಯತ್ಯಾಸವೇ ಕಾಣುತ್ತದೆ.

ಹೆಸರಿನಿಂದ ಶುರು ಮಾಡಿ

ಗಿಡದ ಹತ್ತಿರ ಹೋಗುವ ಮುನ್ನ ಹೆಸರುಗಳನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು. ಇಲ್ಲಿನ ಎರಡೂ ರೂಢಿನಾಮಗಳು ದಾರಿ ತಪ್ಪಿಸುವಂಥವು. ‘ಹೆಮ್ಲಾಕ್’ ಎಂದರೆ ಪ್ರಾಚೀನ ಗ್ರೀಸಿನ ವಿಷದ ಗಿಡ ನೆನಪಾಗುತ್ತದೆ. ಈ ಮರಕ್ಕೂ ಆ ವಿಷಕ್ಕೂ ಸಂಬಂಧವಿಲ್ಲ. ಎಲೆಯನ್ನು ಹೊಸಕಿದಾಗ ಬರುವ ವಾಸನೆ ಆ ಗಿಡದ ವಾಸನೆಯನ್ನು ಹೋಲುತ್ತದೆ ಎಂಬ ಕಾರಣಕ್ಕೆ ಈ ಕುಲದ ಮರಗಳಿಗೆ ಹೆಸರು ಅಂಟಿಕೊಂಡಿತು, ಅಷ್ಟೆ. ಮರ ಪೈನ್ ಕುಟುಂಬಕ್ಕೆ ಸೇರಿದ್ದು. ಯುರೋಪಿನ ಬಯಲುಗಳನ್ನು ನೇರಳೆಯಾಗಿಸುವ ಹೀದರ್ ಕೂಡ ಬೇರೆಯೇ ಕುಲದ್ದು. ನಮ್ಮ ಪೊದೆ ಅದೇ ಕುಟುಂಬದ ದೂರದ ನೆಂಟ. ರೋಡೋಡೆಂಡ್ರಾನ್ ಮತ್ತು ಬ್ಲೂಬೆರಿ ಸಹ ಇದೇ ಕುಟುಂಬದವು.

ವೈಜ್ಞಾನಿಕ ಹೆಸರುಗಳು ಇನ್ನೂ ಸ್ವಾರಸ್ಯವಾಗಿವೆ. ಮರ ತ್ಸೂಗಾ ಮರ್ಟೆನ್ಸಿಯಾನಾ, ಪೊದೆ ಕ್ಯಾಸಿಯೋಪೆ ಮರ್ಟೆನ್ಸಿಯಾನಾ. ಎರಡರ ಬಾಲವೂ ಒಂದೇ. ಕಾರ್ಲ್ ಹೈನ್‌ರಿಶ್ ಮರ್ಟೆನ್ಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ರಷ್ಯಾದ ಸೆನ್ಯಾವಿನ್ ಹಡಗಿನಲ್ಲಿ ಕ್ಯಾಪ್ಟನ್ ಲಿಟ್ಕೆಯವರ ಜೊತೆ 1826ರಿಂದ 1829ರವರೆಗೆ ಭೂಪ್ರದಕ್ಷಿಣೆ ಮಾಡಿದರು. 1827ರಲ್ಲಿ ಹಡಗು ಅಲಾಸ್ಕಾದ ಸಿಟ್ಕಾದಲ್ಲಿ ತಂಗಿತ್ತು. ಆಗ ಆ ನೆಲ ರಷ್ಯಾದ ಕೈಯಲ್ಲಿತ್ತು. ಅಲ್ಲಿಂದ ಮರ್ಟೆನ್ಸ್ ತಂದ ಒಣ ಮಾದರಿಗಳನ್ನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪರಿಶೀಲಿಸಿದ ಸಸ್ಯಶಾಸ್ತ್ರಜ್ಞ ಬೊಂಗಾರ್ಡ್ 1832ರಲ್ಲಿ ಎರಡನ್ನೂ ವರ್ಣಿಸಿ, ಎರಡಕ್ಕೂ ಮರ್ಟೆನ್ಸ್ ಹೆಸರನ್ನೇ ಇಟ್ಟರು. ಹೆಸರಿಡುವ ಹೊತ್ತಿಗೆ ಮರ್ಟೆನ್ಸ್ ಬದುಕಿರಲಿಲ್ಲ. 1830ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡಿದ್ದರು. ಈ ಎರಡು ಗಿಡಗಳು ಅಕ್ಕಪಕ್ಕ ಬೆಳೆದಿರುವುದನ್ನು ಕಂಡಾಗಲೆಲ್ಲ ನನಗೆ ಆ ಯುವಕ ನೆನಪಾಗುತ್ತಾರೆ.

ಬೊಂಗಾರ್ಡ್ ಮರವನ್ನು ಪೈನ್ ಕುಲಕ್ಕೂ ಪೊದೆಯನ್ನು ಆಂಡ್ರೊಮೆಡಾ ಕುಲಕ್ಕೂ ಸೇರಿಸಿದ್ದರು. ಅನಂತರದವರು ಪೊದೆಗಳನ್ನು ಆಂಡ್ರೊಮೆಡಾದಿಂದ ಬೇರ್ಪಡಿಸಿ ಹೊಸ ಕುಲ ಮಾಡಿದಾಗ, ಗ್ರೀಕ್ ಪುರಾಣದಲ್ಲಿ ಆಂಡ್ರೊಮೆಡಾಳ ತಾಯಿಯಾದ ಕ್ಯಾಸಿಯೋಪೆಯ ಹೆಸರನ್ನು ಅದಕ್ಕೆ ಕೊಟ್ಟರು.

ಯಾವಾಗ, ಎಲ್ಲಿ ನೋಡಬೇಕು

ಎರಡೂ ಒಟ್ಟಿಗೆ ಸಿಗುವುದು ಉತ್ತರ ಅಮೆರಿಕದ ಪಶ್ಚಿಮ ಅಂಚಿನ ಬೆಟ್ಟಗಳಲ್ಲಿ. ಹೆಮ್ಲಾಕ್ ಅಲಾಸ್ಕಾದ ಕೀನೈ ಪರ್ಯಾಯದ್ವೀಪದಿಂದ ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್, ಆರಿಗನ್ ದಾಟಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದವರೆಗೆ ಹರಡಿದೆ. ಅಲಾಸ್ಕಾದಲ್ಲಿ ಸಮುದ್ರಮಟ್ಟಕ್ಕೇ ಇಳಿಯುವ ಈ ಮರ ಸಿಯೆರಾದಲ್ಲಿ 2,500 ಮೀಟರಿಗಿಂತ ಮೇಲೆ ಹೋದರೆ ಮಾತ್ರ ಸಿಗುತ್ತದೆ. ದಕ್ಷಿಣಕ್ಕೆ ಹೋದಂತೆ ಹಿಮ ಮೇಲೇರುತ್ತದೆ; ಮರವೂ ಅದರ ಬೆನ್ನು ಹತ್ತುತ್ತದೆ.

ಮೊದಲ ಸಲ ಹೋಗುವವರಿಗೆ ಮೂರು ಜಾಗಗಳನ್ನು ಹೇಳುತ್ತೇನೆ. ರೇನಿಯರ್ ರಾಷ್ಟ್ರೀಯ ಉದ್ಯಾನದ ಪ್ಯಾರಡೈಸ್, ಸುಮಾರು 1,650 ಮೀಟರ್ ಎತ್ತರ. ಬೇಕರ್ ಪರ್ವತದ ಬುಡದಲ್ಲಿ ಹೆಸರಿನಲ್ಲೇ ಪೊದೆಯನ್ನು ಹೊತ್ತಿರುವ ಹೀದರ್ ಮೆಡೋಸ್. ಆರಿಗನ್‌ನ ಕ್ರೇಟರ್ ಲೇಕ್ ದಂಡೆ. ಅಲ್ಲಿ ಹೆಮ್ಲಾಕ್ ಧಾರಾಳ. ಮೂರು ಕಡೆಯೂ ರಸ್ತೆಯಿಂದ ನಾಲ್ಕು ಹೆಜ್ಜೆ ನಡೆದರೆ ಸಾಕು, ಮರದ ನೆರಳು ಸಿಗುತ್ತದೆ.

ಕಾಲ ಬಹಳ ಮುಖ್ಯ. ಪ್ಯಾರಡೈಸ್‌ನಲ್ಲಿ ಜುಲೈ ನಡುವಿನವರೆಗೂ ದಾರಿಗಳು ಹಿಮದಡಿ ಇರುವುದು ಸಾಮಾನ್ಯ. ಜುಲೈ ಕೊನೆಯಿಂದ ಆಗಸ್ಟ್ ಮೊದಲ ಭಾಗದವರೆಗೆ ಹೋದರೆ ಹೀದರ್ ಹೂವು, ಹೆಮ್ಲಾಕ್‌ನ ಎಳೆಯ ನೇರಳೆ ಶಂಕು (ಬೀಜ ಹೊರುವ ಕಾಯಿಯಂಥ ಭಾಗ), ಇನ್ನೂ ಕರಗದ ಹಿಮದ ತೇಪೆ ಮೂರನ್ನೂ ಒಂದೇ ದಿನ ನೋಡಬಹುದು. ಹಿಮದ ತೇಪೆಗಳು ಉಳಿದಿರುವುದು ನಿಮ್ಮ ಭಾಗ್ಯವೆಂದೇ ತಿಳಿಯಿರಿ. ಅವಿಲ್ಲದಿದ್ದರೆ ಮುಂದೆ ಹೇಳುವ ಅರ್ಧ ಪಾಠ ಕಣ್ಣಿಗೆ ಬೀಳುವುದಿಲ್ಲ.

ಜೊತೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ಪೆನ್ಸಿಲ್, ಪುಸ್ತಕ ಇರಲಿ. ಪೆನ್ನಿನ ಶಾಯಿ ಮಂಜಿನಲ್ಲಿ ಕದಡುತ್ತದೆ. ಚೀಲದಲ್ಲಿ ಇಡಬಾರದ ವಸ್ತು ಕತ್ತರಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಒಂದು ರೆಂಬೆಯನ್ನೂ ಕೀಳುವಂತಿಲ್ಲ, ಪ್ಯಾರಡೈಸ್‌ನ ಹುಲ್ಲುಗಾವಲಿನಲ್ಲಿ ದಾರಿ ಬಿಟ್ಟು ಕಾಲಿಡುವಂತೆಯೂ ಇಲ್ಲ. ಇದನ್ನು ಬರಿಯ ಕಾನೂನೆಂದು ನೋಡಬೇಡಿ. ಹೀದರ್‌ನ ಕಾಂಡ ಕಟ್ಟಿಗೆಯಂತೆ ಗಡಸು, ತುಳಿದರೆ ಮುರಿಯುತ್ತದೆ. ವರ್ಷಕ್ಕೆ ಬೆಳೆಯುವುದೋ ಬೆರಳೆಣಿಕೆಯ ಮಿಲಿಮೀಟರ್. ಒಂದು ಗುಂಪು ಒಂದು ಮಧ್ಯಾಹ್ನ ಮಾಡಿದ ಅಡ್ಡದಾರಿ ಎಷ್ಟೋ ವರ್ಷ ಹಾಗೆಯೇ ಉಳಿಯುತ್ತದೆ. ದಾರಿಯ ಅಂಚಿನಲ್ಲೇ ಬೇಕಾದಷ್ಟು ಗಿಡಗಳಿವೆ. ನೀವು ಬಗ್ಗಿದರೆ ಸಾಕು.

ನಿಲ್ಲುವ ಜಾಗವನ್ನು ಆರಿಸಿಕೊಳ್ಳಿ

ಮರವನ್ನು ಕಾಡಿನಲ್ಲಿ, ಪೊದೆಯನ್ನು ಬಯಲಿನಲ್ಲಿ ಬೇರೆ ಬೇರೆ ನೋಡಿ ಬಂದು ಮನೆಯಲ್ಲಿ ಹೋಲಿಸುವವರಿದ್ದಾರೆ. ಹಾಗೆ ಮಾಡಬೇಡಿ. ಈ ಎತ್ತರದಲ್ಲಿ ಕಾಡು ಒಂದೇ ಹರಹಾಗಿ ಇರುವುದಿಲ್ಲ. ಹಸಿರು ಬಯಲಿನ ನಡುವೆ ಐದಾರು, ಹತ್ತು ಹನ್ನೆರಡು ಮರಗಳ ಗುಂಪುಗಳು ದ್ವೀಪಗಳ ಹಾಗೆ ನಿಂತಿರುತ್ತವೆ. ಇವನ್ನು ಮರದ್ವೀಪಗಳೆಂದೇ ಕರೆಯುತ್ತಾರೆ. ಅಂಥ ಒಂದು ದ್ವೀಪದ ಅಂಚು ಕಾಲುದಾರಿಗೆ ತಾಕುವ ಜಾಗವನ್ನು ಹುಡುಕಿ. ಒಂದು ಕಡೆ ಹೆಮ್ಲಾಕ್‌ನ ಇಳಿಬಿದ್ದ ರೆಂಬೆ, ಅದರ ಕೆಳಗೇ ಹೀದರ್‌ನ ಹಾಸು. ನಿಮ್ಮ ಇಡೀ ಹೋಲಿಕೆ ಅಲ್ಲೇ ಮುಗಿಯಬೇಕು.

ಮೊದಲು ನೆತ್ತಿ ನೋಡಿ. ಹೆಮ್ಲಾಕ್‌ನ ತುದಿಕುಡಿ ನೆಟ್ಟಗೆ ನಿಲ್ಲದೆ ತಲೆ ಬಾಗಿಸಿರುತ್ತದೆ. ಅದೇ ಬೆಟ್ಟದ ಸಬ್‌ಆಲ್ಪೈನ್ ಫರ್ ಮರದ ತುದಿ ಗೋಪುರದ ಕಳಶದಂತೆ ನೆಟ್ಟಗೆ, ಚೂಪಾಗಿ ಇರುತ್ತದೆ. ಶಂಕುಗಳನ್ನೂ ಗಮನಿಸಿ: ಫರ್ ಶಂಕುಗಳು ರೆಂಬೆಯ ಮೇಲೆ ಮೇಣದಬತ್ತಿಗಳಂತೆ ಎದ್ದು ನಿಂತಿರುತ್ತವೆ, ಮಾಗಿದಾಗ ಮರದ ಮೇಲೆಯೇ ಬಿಡಿಬಿಡಿಯಾಗಿ ಉದುರುತ್ತವೆ. ಹೆಮ್ಲಾಕ್ ಶಂಕುಗಳು ಜೋತಾಡುತ್ತವೆ, ಇಡಿಯಾಗಿಯೇ ನೆಲಕ್ಕೆ ಬೀಳುತ್ತವೆ. ಮರ ಹೆಮ್ಲಾಕ್ ಎಂದು ಖಚಿತವಾದ ಮೇಲೆ ಕೂತುಕೊಳ್ಳಿ.

ಎಲೆಗೆ ಸಮಯ ಕೊಡಿ

ನನ್ನ ಅನುಭವದಲ್ಲಿ ಅರ್ಧ ಗಂಟೆಯನ್ನು ಎಲೆಗೇ ಮೀಸಲಿಡಬೇಕು. ಹೂವು ಕೆಲವೇ ವಾರ, ಶಂಕು ಎಲ್ಲ ವರ್ಷವೂ ಬರುವುದಿಲ್ಲ; ಎಲೆ ಮಾತ್ರ ಎರಡರಲ್ಲೂ ಸದಾ ಇರುತ್ತದೆ. ಎರಡೂ ನಿತ್ಯಹಸಿರು.

ಹೆಮ್ಲಾಕ್‌ನ ಎಲೆ ಸೂಜಿ. ಉದ್ದ ಸಾಮಾನ್ಯವಾಗಿ ಒಂದರಿಂದ ಎರಡೂವರೆ ಸೆಂಟಿಮೀಟರ್, ತುದಿ ಮೊಂಡು. ರೆಂಬೆಯ ಸುತ್ತಲೂ ಎಲ್ಲ ದಿಕ್ಕಿಗೂ ಚಾಚಿರುವುದರಿಂದ ಗಿಡ್ಡ ಅಡ್ಡರೆಂಬೆಗಳನ್ನು ತುದಿಯಿಂದ ನೋಡಿದರೆ ಪುಟ್ಟ ನಕ್ಷತ್ರದಂತೆ ಕಾಣುತ್ತವೆ. ಭೂತಗನ್ನಡಿಯಲ್ಲಿ ಸೂಜಿಯ ಮೇಲ್ಮೈ, ಕೆಳಮೈ ಎರಡರಲ್ಲೂ ಬಿಳಿ ಚುಕ್ಕಿಗಳ ಸಾಲು ಕಾಣಬೇಕು. ಅವು ಗಿಡ ಉಸಿರಾಡುವ ಪತ್ರರಂಧ್ರಗಳು. ಈ ಮರಕ್ಕೆ ದೂರದಿಂದ ನೀಲಿಹಸಿರು ಬಣ್ಣ ಬಂದಿರುವುದು ಇದರಿಂದಲೇ. ಕಣಿವೆಯಲ್ಲಿ ಬೆಳೆಯುವ ಪಶ್ಚಿಮದ ಹೆಮ್ಲಾಕ್‌ನಲ್ಲಿ ಬಿಳಿ ಪಟ್ಟೆಗಳು ಕೆಳಮೈಯಲ್ಲಿ ಮಾತ್ರ, ಸೂಜಿಗಳೂ ರೆಂಬೆಯ ಎರಡು ಬದಿಗೆ ಚಪ್ಪಟೆಯಾಗಿ ಹರಡಿರುತ್ತವೆ. ಒಂದು ಸೂಜಿಯ ಎರಡು ಮೈ ನೋಡಿದರೆ ಈ ಅಣ್ಣತಮ್ಮಂದಿರನ್ನು ಬೇರ್ಪಡಿಸಬಹುದು.

ಬಿಳಿ ಹೀದರ್‌ನ ಎಲೆಯನ್ನು ಸೂಜಿ ಎನ್ನಲಾಗದು. ಅದು ಹುರುಪೆ. ಎರಡರಿಂದ ಐದು ಮಿಲಿಮೀಟರ್ ಉದ್ದ, ತೊಟ್ಟಿಲ್ಲ, ಎದುರುಬದುರಾಗಿ ಜೋಡಿಸಿಕೊಂಡು ನಾಲ್ಕು ಸಾಲಿನಲ್ಲಿ ಒಂದರ ಮೇಲೊಂದು ಹೊದಿಸಿದಂತೆ ಕಾಂಡಕ್ಕೆ ಅಪ್ಪಿಕೊಂಡಿರುತ್ತದೆ. ಕಾಂಡ ಕಾಣುವುದೇ ಇಲ್ಲ. ರೆಂಬೆಯನ್ನು ತುದಿಯಿಂದ ನೋಡಿ: ಗುಂಡಗಿರುವುದಿಲ್ಲ, ಚೌಕವಾಗಿರುತ್ತದೆ. ಹೆಣೆದ ಹಗ್ಗದ ತುಂಡು ಎಂದರೂ ಸರಿ. ನನಗೆ ಪ್ರತಿ ಸಲವೂ ಗಂಟಿಲ್ಲದೆ ಬಿಗಿಯಾಗಿ ಹೆಣೆದ ಜಡೆ ನೆನಪಾಗುತ್ತದೆ.

ಇಷ್ಟೇ ಇದ್ದರೆ ತಪ್ಪಾಗುವ ಸಂಭವವೇ ಇರಲಿಲ್ಲ. ಗೊಂದಲ ಹುಟ್ಟಿಸುವುದು ಅದೇ ಹಾಸಿನಲ್ಲಿ ಬೆರೆತು ಬೆಳೆಯುವ ಇನ್ನೊಂದು ಪೊದೆ, ಗುಲಾಬಿ ಹೀದರ್. ಇದರ ಕುಲ ಫಿಲೊಡೊಸೆ. ಇದರ ಎಲೆ ನಿಜವಾಗಿಯೂ ಸೂಜಿಯಂತಿದೆ, ಸೆಂಟಿಮೀಟರ್ ಆಸುಪಾಸಿನ ಉದ್ದ, ರೆಂಬೆಯ ಸುತ್ತ ಒತ್ತೊತ್ತಾಗಿ. ಹೂವಿಲ್ಲದ ದಿನ ಇದು ಪುಟ್ಟ ಸೂಚಿಪರ್ಣಿ ಮರದಂತೆಯೇ ಕಾಣುತ್ತದೆ. ನಾನು ಹೆಮ್ಲಾಕ್ ಸಸಿಯನ್ನು ಹೀದರ್ ಎಂದುಕೊಂಡದ್ದು ಇದರಿಂದಲೇ.

ಬಿಡಿಸಿಕೊಳ್ಳುವ ದಾರಿ ಹೀಗಿದೆ. ಎಲೆಯನ್ನು ಕೀಳದೆ ಬೆರಳಿನಿಂದ ಮೆಲ್ಲಗೆ ಮೇಲೆತ್ತಿ ಅಡಿಭಾಗ ನೋಡಿ. ಗುಲಾಬಿ ಹೀದರ್‌ನಲ್ಲಿ ಎಲೆಯ ಅಂಚುಗಳು ಒಳಕ್ಕೆ ಸುರುಳಿಕೊಂಡು ನಡುವೆ ಒಂದು ಕಿರಿದಾದ ತೋಡು ಇರುತ್ತದೆ, ಮೇಲ್ಮೈ ಹೊಳಪು ಹಸಿರು. ಹೆಮ್ಲಾಕ್ ಸೂಜಿಯಲ್ಲಿ ಆ ಸುರುಳಿಯಿಲ್ಲ. ಎರಡು ಮೈಯಲ್ಲೂ ಬಿಳಿ ಚುಕ್ಕಿಸಾಲು ಇದೆ. ಇನ್ನೂ ಸಂಶಯವಿದ್ದರೆ ಎಲೆ ಉದುರಿದ ಜಾಗವನ್ನು ನೋಡಿ: ಹೆಮ್ಲಾಕ್‌ನಲ್ಲಿ ಪ್ರತಿ ಸೂಜಿಯೂ ಪುಟ್ಟ ಗೂಟದಂಥ ಉಬ್ಬಿನ ಮೇಲೆ ಕೂತಿರುತ್ತದೆ, ಸೂಜಿ ಬಿದ್ದರೂ ಗೂಟ ಉಳಿದು ರೆಂಬೆ ಒರಟಾಗಿರುತ್ತದೆ. ಎಳೆಯ ರೆಂಬೆಯ ಮೇಲೆ ಸಣ್ಣ ರೋಮಗಳೂ ಇರುತ್ತವೆ. ಒಂದು ಸಸಿಯ ಮೇಲೆ ಈ ಮೂರನ್ನು ಸರಿಯಾಗಿ ನೋಡಿದವರು ಮುಂದೆಂದೂ ತಪ್ಪುವುದಿಲ್ಲ.

ಹೂವು ಮತ್ತು ಶಂಕು

ಬಿಳಿ ಹೀದರ್‌ನ ಹೂವು ಬೋರಲು ಹಾಕಿದ ಗಂಟೆ. ಮುತ್ತಿನ ಬಿಳುಪಿನ ದಳ, ಅದರ ನೆತ್ತಿಗೆ ಕೆಂಪು ಪುಷ್ಪಪತ್ರಗಳ ಟೋಪಿ, ತೊಟ್ಟೂ ಕೆಂಪು. ರೆಂಬೆಯ ತುದಿಯ ಬಳಿ ತೊಟ್ಟು ಮೇಲೆದ್ದು, ಕೊನೆಯಲ್ಲಿ ಬಾಗಿ, ಗಂಟೆಯನ್ನು ಕೆಳಮುಖವಾಗಿ ತೂಗಿಸುತ್ತದೆ. ಮಳೆ, ಮಂಜು ಒಳಗೆ ಇಳಿಯುವುದಿಲ್ಲ. ದಾರಿಯಂಚಿನ ಹೂವಿನ ಕೆಳಗೆ ಪುಟ್ಟ ಕನ್ನಡಿಯನ್ನಿಟ್ಟು ಒಳಗಿನ ಹತ್ತು ಕೇಸರಗಳನ್ನು ನೋಡಿ. ಪ್ರತಿ ಕೇಸರದ ತಲೆಗೂ ಎರಡು ಕೊಂಬು. ಪರಾಗಕೋಶ ಸೀಳಿಕೊಳ್ಳುವುದಿಲ್ಲ, ತುದಿಯ ರಂಧ್ರದಿಂದ ಪರಾಗ ಉದುರುತ್ತದೆ. ದುಂಬಿ ಗಂಟೆಗೆ ಜೋತುಬಿದ್ದಾಗ ಅದರ ಮೈ ಈ ಕೊಂಬುಗಳಿಗೆ ತಾಕಿ, ಕೇಸರ ಅಲುಗಿ, ಪರಾಗ ಮೈಮೇಲೆ ಸುರಿಯುತ್ತದೆ. ಗುಲಾಬಿ ಹೀದರ್‌ಗೂ ಗಂಟೆಯೇ, ಬಣ್ಣ ಬೇರೆ. ಇನ್ನಷ್ಟು ಎತ್ತರದಲ್ಲಿ ಹಳದಿ ಹೀದರ್ ಸಿಕ್ಕರೆ ಅದರ ಹೂವು ಬಾಯಿ ಕಿರಿದಾದ ಮಡಕೆ, ಮುಟ್ಟಿದರೆ ಅಂಟು.

ಹೆಮ್ಲಾಕ್‌ಗೆ ಹೂವಿಲ್ಲ, ದುಂಬಿಯ ಹಂಗೂ ಇಲ್ಲ. ಗಾಳಿಗೆ ಪರಾಗ ತೂರುತ್ತದೆ. ಎಳೆಯ ಹೆಣ್ಣುಶಂಕು ಕಡು ನೇರಳೆ, ಶರತ್ಕಾಲಕ್ಕೆ ಕಂದು. ಉದ್ದ ಮೂರರಿಂದ ಎಂಟು ಸೆಂಟಿಮೀಟರ್. ಹೆಮ್ಲಾಕ್‌ಗಳ ಪೈಕಿ ಇದು ದೊಡ್ಡ ಗಾತ್ರ. ಪಶ್ಚಿಮದ ಹೆಮ್ಲಾಕ್‌ನ ಶಂಕು ಎರಡು ಸೆಂಟಿಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದರ ಪರಾಗಕ್ಕೆ ಪೈನ್, ಸ್ಪ್ರೂಸ್ ಮರಗಳ ಪರಾಗದ ಹಾಗೆ ಎರಡು ಗಾಳಿಚೀಲಗಳಿವೆ. ಇದನ್ನೂ ಸುತ್ತುವರಿದ ಸೂಜಿಗಳನ್ನೂ ಕಂಡು, ಹೆಮ್ಲಾಕ್ ಮತ್ತು ಸ್ಪ್ರೂಸ್ ಬೆರೆತು ಹುಟ್ಟಿದ ಮರವಿದು ಎಂದು ಕಳೆದ ಶತಮಾನದಲ್ಲಿ ಕೆಲವರು ವಾದಿಸಿದ್ದರು. ಆ ವಾದ ಈಗ ಬಿದ್ದುಹೋಗಿದೆ.

ಹಿಮವನ್ನು ಅಳತೆಗೋಲು ಮಾಡಿಕೊಳ್ಳಿ

ಈಗ ಎದ್ದು ನಿಂತು ಸುತ್ತ ನೋಡಿ. ಪ್ಯಾರಡೈಸ್‌ನಲ್ಲಿ ಒಂದು ವರ್ಷಕ್ಕೆ ಬೀಳುವ ಹಿಮದ ಸರಾಸರಿ ಸುಮಾರು 16 ಮೀಟರ್. 1971–72ರ ಚಳಿಗಾಲದಲ್ಲಿ 28.5 ಮೀಟರ್ ಬಿದ್ದಿತ್ತು. ಬೇಕರ್ ಪರ್ವತದಲ್ಲಿ 1998–99ರಲ್ಲಿ ಅದನ್ನೂ ಮೀರಿ ಸುಮಾರು 29 ಮೀಟರ್. ಬಿದ್ದದ್ದೆಲ್ಲ ಹಾಗೆಯೇ ನಿಲ್ಲುವುದಿಲ್ಲ, ಒತ್ತಿ ಕುಸಿಯುತ್ತದೆ. ಆದರೂ ವಸಂತದ ಹೊತ್ತಿಗೆ ಹಲವು ಮೀಟರ್ ದಪ್ಪದ ಗಟ್ಟಿ ಹಿಮ ಈ ಇಳಿಜಾರಿನ ಮೇಲಿರುತ್ತದೆ. ನೀವು ನಿಂತ ಜಾಗದಲ್ಲಿ ನಿಮ್ಮ ತಲೆಯ ಮೇಲೆ ಇನ್ನೊಬ್ಬರು ನಿಂತರೂ ಮುಳುಗುವಷ್ಟು ಹಿಮ. ಅದು ಸುಮ್ಮನೆ ಕೂರುವುದೂ ಇಲ್ಲ, ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗೆ ಜಾರುತ್ತದೆ.

ಮೊದಲು ಮರದ ಬುಡ ನೋಡಿ. ಇಳಿಜಾರಿನಲ್ಲಿ ನಿಂತ ಹೆಮ್ಲಾಕ್‌ನ ಬುಡ ನೇರವಾಗಿರುವುದು ಅಪರೂಪ. ಕೆಳಮುಖಕ್ಕೆ ಬಾಗಿ, ಆಮೇಲೆ ನೆಟ್ಟಗಾಗಿರುತ್ತದೆ. ಎಳೆಯದಾಗಿದ್ದಾಗ ಜಾರುವ ಹಿಮ ಅದನ್ನು ವರ್ಷ ವರ್ಷವೂ ಅಡ್ಡ ಮಲಗಿಸಿದೆ, ಬೇಸಿಗೆ ಬೇಸಿಗೆಗೂ ಅದು ಎದ್ದಿದೆ. ಒಂದು ಎಳೆಯ ಮರದ ರೆಂಬೆಯನ್ನು ಎರಡು ಬೆರಳಿನಿಂದ ಸ್ವಲ್ಪವೇ ಬಾಗಿಸಿದರೂ ಆ ಮೃದುತನ ಗೊತ್ತಾಗುತ್ತದೆ. ಆ ಬಾಗಿದ ನೆತ್ತಿಯೂ ಇದೇ ಗುಣದ ಭಾಗ. ಇನ್ನು ಕೆಳಗಿನ ರೆಂಬೆಗಳನ್ನು ನೋಡಿ. ಕೆಲವಕ್ಕೆ ಕಪ್ಪು ಉಣ್ಣೆ ಸುತ್ತಿದಂಥ ಪದರ ಹಿಡಿದು ಸೂಜಿಗಳು ಸತ್ತಿರುತ್ತವೆ. ಅದು ಹಿಮದಡಿಯಲ್ಲಿ ಬೆಳೆಯುವ ಶಿಲೀಂಧ್ರ. ಯಾವ ಎತ್ತರದವರೆಗೆ ಅದು ಹತ್ತಿದೆ ಎಂದು ಬರೆದುಕೊಳ್ಳಿ. ವಸಂತದ ಕೊನೆಯವರೆಗೂ ಹಿಮ ಎಲ್ಲಿಯವರೆಗೆ ನಿಂತಿತ್ತು ಎಂಬುದಕ್ಕೆ ಅದೇ ಸುಳಿವು. ನೆಲಕ್ಕೆ ಒತ್ತಿಹೋದ ರೆಂಬೆ ಬೇರು ಬಿಟ್ಟು ಹೊಸ ಕಾಂಡವಾಗಿರುವುದನ್ನೂ ಹುಡುಕಿ. ದ್ವೀಪದ ಅಂಚಿನಲ್ಲಿ ಪುಟ್ಟ ಮರಗಳೆಂದು ಕಾಣುವ ಕೆಲವು ದೊಡ್ಡ ಮರದ್ದೇ ರೆಂಬೆಗಳು.

ಪೊದೆಯ ಲೆಕ್ಕವೇ ಬೇರೆ. ಅದು ಯಾವ ಹಿಮವನ್ನೂ ಎದುರಿಸುವುದಿಲ್ಲ. ದಪ್ಪ ಹಿಮದ ಅಡಿಯಲ್ಲಿ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಮೇಲೆ ಎಷ್ಟೇ ಕೊರೆತವಿರಲಿ, ಎಂಥ ಗಾಳಿಯೇ ಬೀಸಲಿ, ಕೆಳಗೆ ನಿಶ್ಶಬ್ದ. ಚಳಿಗಾಲದಲ್ಲಿ ನಿತ್ಯಹಸಿರು ಎಲೆಗೆ ದೊಡ್ಡ ಅಪಾಯ ಒಣಗಾಳಿಯದು: ಬೇರು ಹೆಪ್ಪುಗಟ್ಟಿದ ನೆಲದಿಂದ ನೀರೆತ್ತಲಾರದು, ಎಲೆ ಮಾತ್ರ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಹಿಮದ ಹೊದಿಕೆ ಇರುವಷ್ಟು ದಿನ ಹೀದರ್‌ಗೆ ಆ ಭಯವಿಲ್ಲ. ಬಿಗಿಯಾಗಿ ಅಪ್ಪಿದ ಆ ಹುರುಪೆ ಎಲೆಗಳು ಹೊದಿಕೆ ಸರಿದ ದಿನಗಳಿಗೆ. ಮುಂದಿನ ಬೇಸಿಗೆಯ ಹೂಮೊಗ್ಗನ್ನು ಹಿಂದಿನ ವರ್ಷವೇ ಸಿದ್ಧಪಡಿಸಿಟ್ಟಿರುವುದರಿಂದ ಹಿಮ ಕರಗಿದ ಕೆಲವು ವಾರಗಳಲ್ಲೇ ಗಂಟೆಗಳು ತೂಗತೊಡಗುತ್ತವೆ.

ಇನ್ನು ಹಿಮದ ತೇಪೆಗಳ ಕಡೆ ತಿರುಗಿ. ಉಬ್ಬಿದ ನೆಲದ ಮೇಲೆ ಹಿಮ ಮೊದಲು ಕರಗಿದೆ, ಅಲ್ಲಿ ಮರಗಳಿವೆ. ಅದರ ಕೆಳಗಿನ ಇಳುಕಲಿನಲ್ಲಿ ಸ್ವಲ್ಪ ತಡವಾಗಿ ಕರಗಿದೆ, ಅಲ್ಲಿ ಹೀದರ್ ಹಾಸು. ತಗ್ಗಿನಲ್ಲಿ ಹಿಮ ಇನ್ನೂ ಕೂತಿದೆ. ಅದರ ಅಂಚಿನಲ್ಲಿ ಹೀದರ್ ಕೂಡ ನಿಂತುಹೋಗಿ ಜೇಕಿನ ಜಾತಿಯ ಕುಳ್ಳ ಹುಲ್ಲು ಶುರುವಾಗುತ್ತದೆ. ಮೂರು ಪಟ್ಟೆಗಳು, ಮೂರು ಕರಗುವ ತಾರೀಖುಗಳು. ಪುಸ್ತಕದಲ್ಲಿ ಈ ಅಡ್ಡಕೊಯ್ತದ ಚಿತ್ರ ಬರೆದುಕೊಳ್ಳಿ. ನನ್ನ ಪ್ರಕಾರ ಇಡೀ ಹೋಲಿಕೆಯಲ್ಲಿ ಬೆಲೆಬಾಳುವ ಪುಟ ಅದೇ. ಹಿಮ ತುಂಬ ತಡವಾಗಿ ಕರಗುವ ಕಡೆ ಹೆಮ್ಲಾಕ್ ಸಸಿಗೆ ಬೇರೂರಲು ಸಮಯ ಸಿಗುವುದಿಲ್ಲ. ಗಾಳಿ ಹಿಮವನ್ನೆಲ್ಲ ಗುಡಿಸಿಹಾಕುವ ದಿಣ್ಣೆಯ ನೆತ್ತಿಯಲ್ಲಿ ಬಿಳಿ ಹೀದರ್‌ಗೆ ಹೊದಿಕೆ ಸಿಗುವುದಿಲ್ಲ. ಒಂದಕ್ಕೆ ಹಿಮ ಹೆಚ್ಚಾಗುವ ಭಯ, ಇನ್ನೊಂದಕ್ಕೆ ಕಡಿಮೆಯಾಗುವ ಭಯ.

ಮರ ಒಮ್ಮೆ ನೆಲೆಯೂರಿದರೆ ಆಟವನ್ನೇ ಬದಲಿಸುತ್ತದೆ. ಅದರ ಕಡುಬಣ್ಣದ ಕಾಂಡ ಬಿಸಿಲನ್ನು ಹೀರಿ ಸುತ್ತಲಿನ ಹಿಮವನ್ನು ಬೇಗ ಕರಗಿಸುತ್ತದೆ. ಬುಡದ ಸುತ್ತ ಬಾವಿಯಂಥ ಹಳ್ಳ ಬೀಳುತ್ತದೆ, ಆ ಹಳ್ಳದಲ್ಲಿ ಹೊಸ ಸಸಿಗಳಿಗೆ ಕೆಲವು ವಾರಗಳ ಬೇಸಿಗೆ ಹೆಚ್ಚಾಗಿ ಸಿಗುತ್ತದೆ. ದ್ವೀಪ ಅಂಚಿನಿಂದ ಅಗಲವಾಗುವುದು ಹೀಗೆ. ಅಂಚಿನಲ್ಲಿರುವ ಸಸಿಗಳನ್ನು ಎಣಿಸಿ.

ವಯಸ್ಸನ್ನು ಓದುವುದು

ಹೆಮ್ಲಾಕ್ ಐನೂರು ವರ್ಷ ದಾಟಿ ಬದುಕುತ್ತದೆ. ಕಾಂಡ ಕೊರೆದು ಉಂಗುರ ಎಣಿಸುವುದು ಸಂಶೋಧಕರ ಕೆಲಸ. ದಾರಿಗೆ ಅಡ್ಡ ಬಿದ್ದ ಮರವನ್ನು ಕೊಯ್ದಿಟ್ಟಿದ್ದರೆ ನಾವೂ ಎಣಿಸಬಹುದು. ಉಂಗುರಗಳು ಎಷ್ಟು ಒತ್ತೊತ್ತಾಗಿರುತ್ತವೆ ಎಂದರೆ ಭೂತಗನ್ನಡಿ ಬೇಕೇ ಬೇಕು. ಹಿಮ ವಸಂತದ ಕೊನೆಯವರೆಗೂ ದಪ್ಪಗಿದ್ದ ವರ್ಷ ಉಂಗುರ ಕಿರಿದಾಗುತ್ತದೆ.

ಪೊದೆಗೂ ವರ್ಷಗಳ ದಾಖಲೆ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕ್ಯಾಸಿಯೋಪೆಯ ಸತ್ತ ಎಲೆಗಳು ಕಾಂಡದ ಮೇಲೆ ವರ್ಷಗಟ್ಟಲೆ ಉಳಿಯುತ್ತವೆ. ಬೇಸಿಗೆಯ ಮೊದಲಿಗೆ ಬಂದ ಎಲೆ ಗಿಡ್ಡ, ನಡುವಿನದು ಉದ್ದ, ಕೊನೆಯದು ಮತ್ತೆ ಗಿಡ್ಡ. ರೆಂಬೆಯ ಉದ್ದಕ್ಕೂ ಅಲೆ ಅಲೆಯಾಗಿ ಈ ಏರಿಳಿತ ಕಾಣುತ್ತದೆ. ಒಂದು ಅಲೆ ಎಂದರೆ ಒಂದು ಬೇಸಿಗೆ. ಉತ್ತರ ಧ್ರುವಪ್ರದೇಶದ ಕ್ಯಾಸಿಯೋಪೆ ಟೆಟ್ರಗೋನಾದಲ್ಲಿ ಈ ಅಲೆಗಳನ್ನು ಅಳೆದು ಹಿಂದಿನ ಬೇಸಿಗೆಗಳ ಹವೆಯನ್ನು ಅಂದಾಜು ಮಾಡಿದ್ದಾರೆ. ರೇನಿಯರ್‌ನ ನಮ್ಮ ಬಿಳಿ ಹೀದರ್‌ನ ಮೇಲೂ ಅಂಥದೇ ಅಧ್ಯಯನ ನಡೆದಿದೆ. ಅಳತೆಪಟ್ಟಿಯನ್ನು ರೆಂಬೆಯ ಪಕ್ಕಕ್ಕೆ ಹಿಡಿದು ಮೇಲಿನಿಂದ ಐದು ಅಲೆ ಎಣಿಸಿ ನೋಡಿ. ಮೊದಲ ಸಲ ಕಣ್ಣಿಗೆ ಹತ್ತುವುದು ಕಷ್ಟ. ಬೆಳಕು ಓರೆಯಾಗಿ ಬೀಳುವ ಸಂಜೆ ಸುಲಭ.

ಮಣ್ಣಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಅಗೆದು ನೋಡುವಂತಿಲ್ಲವಲ್ಲ. ಎರಡೂ ಬೆಳೆಯುವುದು ಹುಳಿಯಾದ ಬಡ ಮಣ್ಣಿನಲ್ಲಿ, ಎರಡೂ ಶಿಲೀಂಧ್ರದ ನೆರವಿನಿಂದ ಬದುಕುತ್ತವೆ, ಆದರೆ ಕೂಟ ಬೇರೆ ಬೇರೆ. ಹೆಮ್ಲಾಕ್‌ನಲ್ಲಿ ಶಿಲೀಂಧ್ರ ಬೇರಿನ ತುದಿಗೆ ಹೊರಗಿನಿಂದ ಕವಚ ತೊಡಿಸುತ್ತದೆ. ಹೀದರ್‌ನಲ್ಲಿ ಕೂದಲಿಗಿಂತ ತೆಳುವಾದ ಬೇರಿನ ಜೀವಕೋಶದೊಳಗೇ ಮನೆ ಮಾಡಿ, ಕೊಳೆಯದೆ ಉಳಿದ ಎಲೆಗಸದಿಂದ ಸಾರಜನಕ ಬಿಡಿಸಿ ಕೊಡುತ್ತದೆ.

ಕ್ರೇಟರ್ ಲೇಕ್‌ಗೆ ಹೋದವರು ಇನ್ನೊಂದನ್ನು ನೋಡಬಹುದು. ಆ ಸರೋವರದಲ್ಲಿ ಸುಮಾರು ಒಂಬತ್ತು ಮೀಟರ್ ಉದ್ದದ ಮರದ ಕಾಂಡವೊಂದು ನೆಟ್ಟಗೆ ನಿಂತು ತೇಲುತ್ತಿದೆ, ಮೇಲೆ ಕಾಣುವುದು ಒಂದು ಮೀಟರಿಗಿಂತ ತುಸು ಹೆಚ್ಚು. 1896ರಲ್ಲಿ ಭೂವಿಜ್ಞಾನಿ ಜೋಸೆಫ್ ಡಿಲ್ಲರ್ ಗುರುತಿಸಿದ್ದು ಇಂದಿಗೂ ಗಾಳಿ ಕರೆದ ಕಡೆ ತಿರುಗುತ್ತಿದೆ. ಅದನ್ನು ‘ಸರೋವರದ ಮುದುಕ’ ಎಂದು ಕರೆಯುತ್ತಾರೆ. ಅದು ಬೆಟ್ಟದ ಹೆಮ್ಲಾಕ್ ಎಂದೇ ಬಲ್ಲವರ ಎಣಿಕೆ.

ಮತ್ತೆ ಅದೇ ಜಾಗಕ್ಕೆ

ಒಂದೇ ಭೇಟಿಯಲ್ಲಿ ಕಾಣದ ಸಂಗತಿಯೊಂದಿದೆ. ಹೀದರ್ ಹಾಸಿನೊಳಗೆ ಮರ ಕಾಲಿಡುತ್ತಿದೆ. ಕ್ಯಾಸ್ಕೇಡ್ ಬೆಟ್ಟಗಳ ಹುಲ್ಲುಗಾವಲುಗಳಲ್ಲಿ ಬಯಲಿನ ನಡುವೆ ನಿಂತ ಎಷ್ಟೋ ಮರಗಳು ಹೆಚ್ಚುಕಡಿಮೆ ಒಂದೇ ಪ್ರಾಯದವು ಎಂಬುದನ್ನು ಕಾಡಿನ ಸಂಶೋಧಕ ಜೆರ್ರಿ ಫ್ರಾಂಕ್ಲಿನ್ ಮತ್ತು ಜೊತೆಗಾರರು 1971ರಲ್ಲಿ ತೋರಿಸಿದರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೇಸಿಗೆಗಳು ಬೆಚ್ಚಗಾಗಿ, ಹಿಮ ಬೇಗ ಕರಗಿದ ಸರಣಿ ವರ್ಷಗಳಲ್ಲಿ ಬೇರೂರಿದ ಸಸಿಗಳವು. ಒಂದು ಒಳ್ಳೆಯ ವರ್ಷ ಸಾಲದು; ಸಸಿ ಹೀದರ್‌ಗಿಂತ ಮೇಲೇಳುವವರೆಗೆ ಒಂದರ ಹಿಂದೊಂದು ದೀರ್ಘ ಬೇಸಿಗೆಗಳು ಬೇಕು. ಹಿಮ ಕಡಿಮೆಯಾದಷ್ಟೂ ಮರಕ್ಕೆ ಬಾಗಿಲು ತೆರೆಯುತ್ತದೆ, ಪೊದೆಯ ಹೊದಿಕೆ ತೆಳುವಾಗುತ್ತದೆ. ಗಂಟೆ ಹೂಗಳ ಆ ಬಯಲುಗಳು ಕಿರಿದಾಗುವುದನ್ನು ಯೋಚಿಸಿದರೆ ನನಗೆ ಸಂಕಟವಾಗುತ್ತದೆ, ಹೆಮ್ಲಾಕ್ ಎಷ್ಟೇ ಪ್ರಿಯವಾದರೂ.

ಆದ್ದರಿಂದ ಕೊನೆಯ ಕೆಲಸವಿದು. ಹಿಂದಿರುಗುವ ಮುನ್ನ ಕಾಲುದಾರಿಯಿಂದಲೇ ಒಂದು ಫೋಟೋ ತೆಗೆಯಿರಿ: ಚೌಕಟ್ಟಿನ ಒಂದು ಅಂಚಿಗೆ ಬದಲಾಗದ ದೊಡ್ಡ ಬಂಡೆ, ನಡುವೆ ಹೀದರ್ ಹಾಸು, ಇನ್ನೊಂದು ಅಂಚಿಗೆ ಮರದ್ವೀಪ. ದಿನಾಂಕ, ನೀವು ನಿಂತ ಜಾಗದ ಗುರುತು, ಹತ್ತಿರದ ಹಿಮದ ತೇಪೆಗೆ ಎಷ್ಟು ಹೆಜ್ಜೆ, ಎಷ್ಟು ಹೂವು ಅರಳಿವೆ, ಹೀದರ್‌ಗಿಂತ ಎತ್ತರವಾದ ಹೆಮ್ಲಾಕ್ ಸಸಿಗಳು ಎಷ್ಟು, ಹೀದರ್‌ನೊಳಗೇ ಇರುವವು ಎಷ್ಟು ಎಂದು ಬರೆದಿಡಿ. ಮುಂದಿನ ವರ್ಷ ಸಾಧ್ಯವಾದರೆ ಅದೇ ವಾರ, ಅದೇ ಜಾಗ, ಅದೇ ಬಂಡೆ. ನನ್ನ ಪುಸ್ತಕದಲ್ಲಿ ಆ ಮೂರನೆಯ ಕುಡಿಯ ಹೆಸರನ್ನು ತಿದ್ದಿ, ಪಕ್ಕದಲ್ಲಿ ಅದರ ಎತ್ತರ ಬರೆದಿದ್ದೇನೆ: ಹನ್ನೊಂದು ಸೆಂಟಿಮೀಟರ್. ಪಕ್ಕದ ಹೀದರ್ ಹದಿನಾಲ್ಕು.